ಮನೆಯಲ್ಲಿ ನಡೆದು ಮಿಲ್ಲಿನಲ್ಲಿ ಮುನಿದ ಪ್ರೋಗ್ರಾಂ

ಹತ್ತಿ ಮಿಲ್ಲುಗಳ ಅಂಗಳದಲ್ಲಿ ಲಾರಿಯನ್ನೇ ಮೇಲೆ ನಿಲ್ಲಿಸಿ ತೂಗುವ ಕಾಟಾಗಳಿಗೆ ತೂಕದ ಚೀಟಿ ತೆಗೆಯುವ ಪ್ರೋಗ್ರಾಂ ಮಾಡಿಕೊಡುವುದು ನನ್ನ ಉದ್ಯೋಗ. ಶಹಾಪುರದ ನನ್ನ ಮನೆಯಲ್ಲಿ ಚೆಂದಾಗಿ ಓಡುವ ಪ್ರೋಗ್ರಾಂ ಪರವೂರಿಗೆ ಹೋದ ಕೂಡಲೇ ಮುಷ್ಕರ ಹೂಡುತ್ತದೆ. ಎಷ್ಟು ವರ್ಷವಾದರೂ ಈ ಫಜೀತಿ ತಪ್ಪಿಲ್ಲ. ಸುರಪುರ ರಸ್ತೆಯ ಒಂದು ಮಿಲ್ಲಿನದ್ದಂತೂ ಹೇಳಲೇಬೇಕು.

೧. ಮೊದಲ ಸವಾರಿ

ಪ್ರೋಗ್ರಾಂ ಪೆನ್‌ಡ್ರೈವಿನಲ್ಲಿ ಒಯ್ದೆ. ಮಿಲ್ಲಿನ ಗುಮಾಸ್ತರು ಕ್ಲಿಕ್ ಮಾಡಿದರು. ಎರರ್ ಬಂತು: ಇಂಥ ಲೈಬ್ರರಿ ಫೈಲು ಇಲ್ಲ, ಶುರುವಾಗುವುದಿಲ್ಲ. ಪ್ರೋಗ್ರಾಮಿಗೆ ಬೇಕಾದ ಸಹಾಯಕ ಫೈಲುಗಳು ನನ್ನ ಕಂಪ್ಯೂಟರಿನಲ್ಲಿ ಮೊದಲೇ ಇದ್ದವು. ಅವನ್ನೂ ಜೊತೆಗೆ ಒಯ್ಯಬೇಕೆಂಬುದನ್ನೇ ಮರೆತಿದ್ದೆ.

"ನಮ್ಮ ಮನ್ಯಾಗ ಚಲೋ ನಡೀತದ್ರಿ," ಎಂದೆ.

ಮಿಲ್ಲಿನ ಸಾಹುಕಾರರು ಶಾಂತವಾಗಿ ಹೇಳಿದರು: "ಹಂಗಾರ ಲಾರಿ ನಿಮ್ಮ ಮನೀಗೇ ಕಳಸ್ತೀನಿ. ಅಲ್ಲೇ ತೂಕ ಮಾಡ್ರಿ."

೨. ಸಾಫ್‌ಸಫಾಯಿ

ಎರಡನೇ ಸಲ ಬೇಕಾದ ಫೈಲುಗಳನ್ನೆಲ್ಲ ಒಂದೇ ಫೋಲ್ಡರಿಗೆ ತುಂಬಿ ಒಯ್ದೆ. ನಡೆಯಿತು! ಚಹಾ ಕುಡಿದು ಮನೆ ಮುಟ್ಟುವಷ್ಟರಲ್ಲಿ ಫೋನು. ಮತ್ತೆ ಅದೇ ಎರರ್.

"ಏನಾರ ಮುಟ್ಟೀರೇನ್ರಿ?"

"ಏನೂ ಇಲ್ರಿ," ಎಂದರು ಗುಮಾಸ್ತರು ಹೆಮ್ಮೆಯಿಂದ. "ಫೋಲ್ಡರ್‌ದಾಗ ನಲವತ್ತು ಕಚರಾ ಫೈಲ್ ಬಿದ್ದಿದ್ವು, ಎಲ್ಲಾ ಅಳಿಸೀನಿ. ತಕ್ಕಡಿ ಚಿತ್ರ ಇದ್ದದ್ದು ಒಂದೇ ಇಟ್ಟೀನಿ. ಈಗ ಎಷ್ಟು ಛಂದ ಕಾಣ್ತದ ನೋಡ್ರಿ!"

ಸಾಹುಕಾರರು ಫೋನು ಕಸಿದುಕೊಂಡರು. "ಸೋಮವಾರ ಕಾಟಾ ಪೂಜಾ ಅದ. ಅವತ್ತೂ ಎರರ್ ಬಂತಂದ್ರ ನಾವು ಕೈಲೇ ಚೀಟಿ ಬರ್ಕೋತೀವಿ. ನೀವು ಪೂಜಾದ ಊಟಾ ಮಾಡಿ ಹೊಂಡ್ರಿ."

ನಾಲ್ಕು ತಿಂಗಳ ದುಡಿಮೆ! ಆ ರಾತ್ರಿಯೇ ಮತ್ತೆ ಕೆಲಸಕ್ಕೆ ಕೂತೆ.

೩. ಏನೂ ಅರಿಯದ ಕಂಪ್ಯೂಟರು

ಈ ಸಲ ನಲವತ್ತೂ ಫೈಲುಗಳನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರಿಸಿ ಒಂದೇ ಫೈಲು ಮಾಡಿದೆ. ಇನ್ನು ಅಳಿಸಲು ಏನೂ ಉಳಿದಿರಲಿಲ್ಲ. ಆದರೆ ಪರೀಕ್ಷೆಗೆ ಏನನ್ನೂ ಹಾಕಿರದ ಹೊಸ ಕಂಪ್ಯೂಟರು ಬೇಕು. ಎದುರು ಮನೆಯ ಟೀಚರು ಅದೇ ತಾನೇ ಒಂದು ತಂದಿದ್ದರು, ಕುಂಕುಮವನ್ನೂ ಹಚ್ಚಿರಲಿಲ್ಲ.

"ಐದು ನಿಮಿಷ ಕೊಡ್ರಿ ಟೀಚರ್. ಅದಕ್ಕಿನ್ನೂ ಏನೂ ಗೊತ್ತಿಲ್ಲ, ಅದಕ್ಕ ಕೇಳಾಕತ್ತೀನಿ."

"ನಮ್ಮ ಸಾಲ್ಯಾಗ ಅಂಥವು ಬೇಕಾದಷ್ಟು ಅದಾವ್ರಿ," ಎಂದರು ಟೀಚರು, "ಅವಕ್ಕ ಮಾತ್ರ ಯಾರೂ ಬೇಡಿಕೊಂಡು ಬರಂಗಿಲ್ಲ."

ಪ್ರೋಗ್ರಾಂ ಅಲ್ಲಿ ನಡೆಯಿತು. ಕುಣಿಯುವುದೊಂದು ಬಾಕಿ.

೪. ಖಾಲಿ ಕಾಟಾ

ಸೋಮವಾರ ಪೂಜೆ ಮುಗಿಯಿತು. ನಾನು ಕಾಟಾ ರೂಮಿನಲ್ಲಿ ಕ್ಲಿಕ್ ಮಾಡಿದೆ. ಎರರ್ ಇಲ್ಲ! ಆದರೆ ಪರದೆಯ ಮೇಲೆ ೧೬೪೦ ಕಿಲೋ.

"ಸಾವ್ಕಾರ್ರ," ಗುಮಾಸ್ತರು ಕೂಗಿದರು, "ಲಾರೀನ ಬಂದಿಲ್ಲ, ಖಾಲಿ ಕಾಟಾ ಹದಿನಾರು ಕ್ವಿಂಟಲ್ ತೋರ್ಸಾಕತ್ತದ!"

ಸಾಹುಕಾರರು ಕೆಂಡಾಮಂಡಲವಾಗಿ ಒಳಗೆ ನುಗ್ಗಿದರು. "ಎರರ್ ಹೋಗಿ ಸುಳ್ಳು ಬಂತೇನ್ರಿ?"

ಅವರು ಒಳಗೆ ಬಂದ ಕೂಡಲೇ ಅಂಕಿ ೧೫೩೦ಕ್ಕೆ ಇಳಿಯಿತು. ಕಿಟಕಿಯಿಂದ ಹೊರಗೆ ನೋಡಿದೆ. ಅಂಗಳವೆಲ್ಲ ಕೆಸರು. ಪೂಜೆಗೆ ಬಂದವರೆಲ್ಲ, ಪೂಜಾರಿ ಸಮೇತ, ತೊಳೆದು ರಂಗೋಲಿ ಹಾಕಿದ್ದ ಕಾಟಾದ ಮೇಲೇ ನಿಂತಿದ್ದರು!

"ಸಾವ್ಕಾರ್ರ, ಒಮ್ಮೆ ಹೊರಗ ಕಾಟಾದ ಮ್ಯಾಲೆ ನಿಂತು ಬರ್ರಿ."

ಹೋದರು, ೧೬೪೦. ಬಂದರು, ೧೫೩೦.

ಕಿಟಕಿಯಲ್ಲಿ ಇಣುಕುತ್ತಿದ್ದ ಅವರ ಹೆಂಡತಿ ಲೆಕ್ಕ ಹಾಕಿಯೇ ಬಿಟ್ಟರು. "ನೂರಾ ಹತ್ತು ಕಿಲೋ? ಡಾಕ್ಟರ್ ಮುಂದ ತೊಂಬತ್ತು ಅಂದಿದ್ರಿ!"

ಸಾಹುಕಾರರು ನನ್ನ ಕಿವಿಯ ಹತ್ತಿರ ಬಂದರು. "ನಿಮ್ಮ ಪ್ರೋಗ್ರಾಂ ಪಾಸ್. ಕಾಯಂ ಇದೇ ಇರ್ಲಿ. ಈಗ ಆಕಿ ಮುಂದ ಇದೊಂದು ಎರರ್ ಅಂತ ಹೇಳಿಬಿಡ್ರಿ, ನಿಮ್ಮ ಕಾಲ್ಬೀಳ್ತೀನಿ!"