ನಮ್ಮ ಹಿತ್ತಿಲಿನ ಮೂರು ಮಿಲಿಮೀಟರ್

ಒಂದು ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ಬೇ ಏರಿಯಾದಲ್ಲಿ ಹದಿನಾಲ್ಕು ವರ್ಷ ಇದ್ದು ನಾನು ಮಳೆಯ ವಿಷಯದಲ್ಲಿ ಪೂರಾ ಸೋಮಾರಿಯಾಗಿದ್ದೇನೆ. ಇಲ್ಲಿ ಬೇಸಿಗೆಯುದ್ದಕ್ಕೂ ಆಕಾಶ ಹನಿ ಉದುರಿಸುವುದೇ ಅಪರೂಪ. ಊರಲ್ಲಿ ಮುಂಗಾರು ಸುರಿಯುವಾಗ ಇಲ್ಲಿನ ಡಬ್ಲಿನ್ ಎಂಬ ಊರಲ್ಲಿರುವ ನಮ್ಮ ಮನೆಯ ಹಿಂದಿನ ಗುಡ್ಡಗಳು ಒಣಗಿ ಗೋಧಿ ಬಣ್ಣಕ್ಕೆ ತಿರುಗಿರುತ್ತವೆ. ದೀಪಾವಳಿ ಮುಗಿಸಿ ಸ್ವೆಟರು ಹುಡುಕುವ ಹೊತ್ತಿಗೆ ಮಳೆ ಶುರುವಾಗಿ, ಚಳಿಗಾಲದಲ್ಲಿ ಅವೇ ಗುಡ್ಡಗಳು ಹಸಿರಾಗುತ್ತವೆ. ಆರು ತಿಂಗಳು ಮುಖ ತೋರಿಸದವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಮೊದಲ ಮಳೆಯ ದಿನ ಫ್ರೀವೇಯಲ್ಲಿ ಎಲ್ಲರೂ ನಿನ್ನೆಯಷ್ಟೇ ಕಾರು ಕಲಿತವರಂತೆ ಓಡಿಸುತ್ತಾರೆ. ನಾನು ರೆಡ್‌ವುಡ್ ಸಿಟಿಯ ಆಫೀಸಿನೊಳಕ್ಕೆ ತಲೆಯ ಮೇಲೆ ಲ್ಯಾಪ್‌ಟಾಪ್ ಬ್ಯಾಗು ಹೊತ್ತು ಓಡುತ್ತೇನೆ. ಕೊಡೆ ಎಲ್ಲಿದೆಯೆಂದು ಹೆಂಡತಿ ಸುಮನಾಗೆ ಗೊತ್ತು. ಹಿಂದಿನ ಎರಡನ್ನು ಕಳೆದವನು ನಾನಾದ್ದರಿಂದ ಅವಳು ಹೇಳುವುದಿಲ್ಲ.

ಹೋದ ನವೆಂಬರಿನಲ್ಲಿ ಅವಳ ತಂದೆ ಮಂಡ್ಯದಿಂದ ಬಂದರು. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಮಳೆ ಅಳೆದು ನಿವೃತ್ತರಾದವರು. ಬಂದ ನಾಲ್ಕನೇ ದಿನ ಮೋಡ ಕಂಡಿದ್ದೇ ತಡ, ಕಾಫಿಪುಡಿಯ ನೆಟ್ಟನೆಯ ಗಾಜಿನ ಡಬ್ಬಿಯೊಂದನ್ನು ತೊಳೆದು ಹಿತ್ತಿಲಿನ ಹುಲ್ಲಿನ ನಡುವೆ, ಮರ ಗೋಡೆ ಯಾವುದೂ ಅಡ್ಡ ಬಾರದ ಕಡೆ ಇಟ್ಟರು. ದಿನಾ ಬೆಳಗ್ಗೆ ಎಂಟೂವರೆಗೆ ಸ್ಕೇಲು ಹಿಡಿದು ಅಳೆಯುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು, ನೀರು ಚೆಲ್ಲಿ ಮತ್ತೆ ಇಡುವುದು.

ಬೇಲಿಯಾಚೆಯ ಲಿಂಡಾ ಕೂಡ ಇದೇ ಹುಚ್ಚಿನವರು. ಎಪ್ಪತ್ತು ದಾಟಿದ ನಿವೃತ್ತ ಟೀಚರು. ಅವರದು ಅಂಗಡಿಯಿಂದ ತಂದ ಮಾಪಕ, ಇಂಚಿನ ಲೆಕ್ಕ. ಮಳೆ ಬಂದ ಮರುದಿನ ಇಬ್ಬರೂ ಬೇಲಿಯ ಬಳಿ ನಿಂತು ಅಂಕಿ ಹೇಳಿಕೊಳ್ಳುತ್ತಿದ್ದರು. ಮಾವ ಬಾಯಲ್ಲೇ ಇಂಚನ್ನು ಮಿಲಿಮೀಟರಿಗೆ ತಿರುಗಿಸುತ್ತಿದ್ದರು. ತೊಂದರೆ ಒಂದೇ. ಪ್ರತಿ ಸಲವೂ ಮಾವನ ಮಳೆ ಲಿಂಡಾರ ಮಳೆಗಿಂತ ಮೂರು ಮಿಲಿಮೀಟರ್ ಹೆಚ್ಚು. ಲಿಂಡಾ ತಮ್ಮ ಮಾಪಕವೇ ಕೆಟ್ಟಿದೆಯೆಂದು ಹೊಸದು ತಂದರು. ಆಗಲೂ ಮೂರು ಹೆಚ್ಚು. ಕೊನೆಗೆ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ಮಾವನಿಗೆ ಸಣ್ಣ ಗೆರೆಗಳು ಕಾಣುತ್ತವೆಯೇ ಎಂದು ಮೆಲ್ಲಗೆ ಕೇಳಿದರು.

ಅಂದು ಊಟದ ಹೊತ್ತಿಗೆ ನಾನು ಬಹಳ ನಯವಾಗಿ, "ಮಾವ, ಬಂದಿದ್ದೀರಲ್ಲ, ಒಂದ್ಸಲ ಕಣ್ಣು ತೋರ್ಸೋಣ್ವಾ?" ಅಂದೆ. ಅವರು "ನೋಡೋಣ ಅಳಿಯಂದ್ರೆ," ಅಂದು ಮೊಸರನ್ನ ಕಲಸಿಕೊಂಡರು.

ಅದಾದ ವಾರಕ್ಕೆ ಬೆಂಗಳೂರಿನವರ ಜೊತೆ ನನಗೆ ಬೆಳಗ್ಗೆ ಐದಕ್ಕೆ ಮೀಟಿಂಗು. ಕಾಫಿಗೆ ಅಡುಗೆಮನೆಗೆ ಬಂದರೆ ಹೊರಗೆ ಮಳೆ. ಮಳೆಯೊಳಗೆ ಇನ್ನೇನೋ ಬುಸುಗುಡುವ ಸದ್ದು. ಕಿಟಕಿಯಿಂದ ನೋಡಿದೆ. ಹುಲ್ಲಿಗೆ ನೀರುಣಿಸುವ ಸ್ಪ್ರಿಂಕ್ಲರು ಸುರಿಯುವ ಮಳೆಯಲ್ಲೇ ನಿಷ್ಠೆಯಿಂದ ತಿರುಗುತ್ತಾ ಮಾವನ ಡಬ್ಬಿಗೂ ತನ್ನ ಪಾಲು ಹಾಕುತ್ತಿತ್ತು. ಬೇಸಿಗೆಯಲ್ಲಿ ಅದಕ್ಕೆ ದಿನಾ ಬೆಳಗ್ಗೆ ಐದರ ಟೈಮರ್ ಇಟ್ಟವನು ನಾನು. ನಿಲ್ಲಿಸಬೇಕಾದವನೂ ನಾನೇ.

ಗರಾಜಿಗೆ ಓಡಿ ಅದನ್ನು ನಿಲ್ಲಿಸಿದೆ. ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ ತಿಳಿಯಲಿಲ್ಲ. ಮುಗಿದ ಕೂಡಲೇ ಮಾವನ ಎದುರು ನಿಂತು ಎಲ್ಲ ಒಪ್ಪಿಕೊಂಡೆ. ಅವರು ಪೇಪರಿನಿಂದ ತಲೆಯೆತ್ತಲಿಲ್ಲ.

"ಮೊದಲ್ನೇ ವಾರಾನೇ ಗೊತ್ತಾಯ್ತು. ಮಳೆ ಬರ್ದೇ ಇರೋ ದಿನಾನೂ ಮೂರು ಮಿಲಿಮೀಟರ್ ಇರ್ತಿತ್ತಲ್ಲ."

"ಮತ್ತೆ ಲಿಂಡಾಗೆ ಯಾಕೆ ಹೇಳ್ಲಿಲ್ಲ?"

"ಡಬ್ಬೀಲಿ ಇದ್ದದ್ದನ್ನ ಹೇಳ್ದೆ. ಮಳೇಲೂ ಹುಲ್ಲಿಗೆ ನೀರು ಬಿಡ್ತಾರೆ ನಮ್ಮಳಿಯಂದ್ರು ಅಂತ ಹೆಂಗೇಳ್ಲಿ ಆಯಮ್ಮಂಗೆ?"

"ನನಗಾದ್ರೂ ಹೇಳ್ಬೋದಿತ್ತು, ಮಾವ."

"ಹೇಳೋಣ ಅಂತ್ಲೇ ಇದ್ದೆ. ಅಷ್ಟ್ರಲ್ಲಿ ನೀವು ಕಣ್ಣು ತೋರ್ಸೋಣ ಅಂದ್ರಿ. ಯಾರ ಕಣ್ಣು ಸರಿಯಿಲ್ಲ ನೋಡೇಬಿಡೋಣ ಅಂತ ಸುಮ್ಮನಾದೆ."

ಅಡುಗೆಮನೆಯಿಂದ ಸುಮನಾ ನಕ್ಕ ಸದ್ದು ಕೇಳಿ, ಅವಳಿಗೂ ಮೊದಲೇ ಗೊತ್ತಿತ್ತೆಂದು ತಿಳಿಯಿತು. ನಾನೇ ಹೋಗಿ ಲಿಂಡಾಗೆ ನಿಜ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮಾವನಿಗೆಂದು ತಮ್ಮ ಗಿಡದ ನಿಂಬೆಹಣ್ಣು ಒಂದು ಚೀಲ ಕೊಟ್ಟರು. ನನಗೆಂದು ಏನೂ ಕೊಡಲಿಲ್ಲ.

ಸಂಜೆ ಮಾವ ನೋಟ್‌ಬುಕ್ಕು ತೋರಿಸಿದರು. ಪುಟದ ತುಂಬ ಎರಡು ಕಾಲಂ ಅಂಕಿಗಳು, ಮುದ್ದಾದ ಅಕ್ಷರದಲ್ಲಿ: ಒಂದರ ಮೇಲೆ 'ಆಕಾಶದ್ದು', ಇನ್ನೊಂದರ ಮೇಲೆ 'ಅಳಿಯಂದಿರದ್ದು'. ಇಪ್ಪತ್ತಾರು ದಿನಗಳಲ್ಲಿ ಆಕಾಶ ಮಳೆ ಸುರಿಸಿದ್ದು ಒಂಬತ್ತು ದಿನ. ನಾನು ಒಂದು ದಿನವೂ ರಜೆ ಹಾಕಿರಲಿಲ್ಲ.