ಕನ್ನಡಿ ಕೆರೆದ ಮೇಲೆ

ಗೋಕಾಕದಲ್ಲಿ ನಮ್ಮ ಅಜ್ಜ ಕಟ್ಟಿಸಿದ ಹೋಟೆಲನ್ನು, ಅದರ ಪರಂಪರೆಗೆ ಕಿಂಚಿತ್ತೂ ಧಕ್ಕೆಯಾಗದಂತೆ ನವೀಕರಿಸುವ ಐತಿಹಾಸಿಕ ಹೊಣೆ ನನ್ನ ಹೆಗಲೇರಿತ್ತು. ಯಾರೂ ಹೊರಿಸಿರಲಿಲ್ಲ. ನಾನೇ ಹೊತ್ತುಕೊಂಡಿದ್ದೆ!

ಎದುರಿನ ಹೋಟೆಲಿನವರು ಗೋಡೆಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಬಣ್ಣದ ದೀಪ ಹಾಕಿದ್ದರು. ನಾನು ಹಾಗೆ ಮಾಡುವವನೇ? ಸಾಗವಾನಿ ಬೆಂಚು, ಕಲ್ಲುಹಾಸಿನ ಮೇಜು, ಗೋಡೆಯುದ್ದಕ್ಕೂ ಆಳೆತ್ತರದ ಕನ್ನಡಿಗಳು, ಒಂದನ್ನೂ ಕದಲಿಸಲಿಲ್ಲ. ಮೂರು ದಿನ ಬಾಗಿಲು ಹಾಕಿ ತೊಳೆದೆ, ತಿಕ್ಕಿದೆ, ಪಾಲಿಶ್ ಹೊಡೆದೆ. ಕನ್ನಡಿಯ ಮೇಲಿನ ಎಣ್ಣೆಹೊಗೆಯನ್ನು ಬ್ಲೇಡಿನಿಂದ ಕೆರೆಯಬೇಕಾಯಿತು.

"ಕನ್ನಡಿ ಹಂಗ ಇರ್ಲಿ ಬಿಡ್ರಿ," ಎಂದಳು ಹೆಂಡತಿ ಶಾಂತವ್ವ. ಪರಂಪರೆಯ ಸೂಕ್ಷ್ಮ ಆಕೆಗೇನು ಗೊತ್ತು!

ನಾಲ್ಕನೆಯ ದಿನ ಮಮದಾಪುರದ ಬಾಳಪ್ಪ ಕಾಕಾ ಬಂದರು. ಮೂವತ್ತು ವರ್ಷದಿಂದ ಅದೇ ಕನ್ನಡಿಯೆದುರು ಕೂತು ಚಹಾ ಕುಡಿದವರು. ಕೂತರು. ತಲೆಯೆತ್ತಿದರು. ಕಪ್ಪು ಕೆಳಗಿಟ್ಟರು.

"ತಮ್ಮಾ, ಅಲ್ಲಿ ಕುಂತ ಮುದುಕ ಯಾರೋ?"

"ಕಾಕಾ, ಅದು ನೀವ ರೀ."

ಅವರು ಕೆನ್ನೆ ಮುಟ್ಟಿಕೊಂಡರು. ಮುದುಕನೂ ಮುಟ್ಟಿಕೊಂಡ.

"ಹ್ವಾದ ವಾರ ಚಲೋನ ಇದ್ನಲ್ಲೋ!" ಎಂದವರೇ ಚಹಾ ಅರ್ಧಕ್ಕೆ ಬಿಟ್ಟು ಎದುರಿನ ಹೋಟೆಲಿಗೆ ನಡೆದರು. ವಾರದೊಳಗೆ ಐವತ್ತು ದಾಟಿದ ಗಿರಾಕಿಗಳೆಲ್ಲ ಅತ್ತಲೇ! ನಮಗುಳಿದವರು, ಬಂದು ಕ್ರಾಪು ತಿದ್ದಿಕೊಂಡು ಚಹಾ ಕುಡಿಯದೆ ಹೋಗುವ ಕಾಲೇಜಿನವರು.

ತಪ್ಪು ತಿಳಿಯಿತು. ಪರಿಹಾರವೂ ಹೊಳೆಯಿತು. ಹೊಳೆಯಬಾರದಿತ್ತು! ಕನ್ನಡಿಗಳ ಮುಂದೆ ಎರಡು ಒಲೆ ಹೂಡಿ, ಹಸಿ ಕಟ್ಟಿಗೆ, ತೆಂಗಿನ ನಾರು ತುಂಬಿದೆ. ಮೂವತ್ತು ವರ್ಷದ ಹೊಗೆಯನ್ನು ಒಂದೇ ಮಧ್ಯಾಹ್ನ ಮರಳಿ ತರುವ ಯೋಜನೆ.

"ಬೆಂಕಿ ಬಿದ್ದೈತ್ರೋ!" ಎಂದು ಬೀದಿಯಲ್ಲಿ ಕೂಗೆದ್ದಿತು. ಎದುರಿನ ಹೋಟೆಲಿನವರೇ ಬಕೆಟ್ ಹಿಡಿದು ಮೊದಲು ನುಗ್ಗಿದರು.

"ಬೆಂಕಿ ಅಲ್ರೀ, ನವೀಕರಣ!" ಎಂದು ಕೆಮ್ಮುತ್ತ ಕೂಗಿದೆ. ಅಷ್ಟರಲ್ಲಿ ಒಲೆ, ಬೆಂಚು, ನಾನು ಎಲ್ಲ ತೊಯ್ದಾಗಿತ್ತು. ಕನ್ನಡಿಗಳು ಮಾತ್ರ ಇನ್ನಷ್ಟು ಫಳಫಳ!

ಬೆಂಚು ಒಣಗಲೆಂದು ರಸ್ತೆಬದಿಗಿಟ್ಟೆ. ಬಾಳಪ್ಪ ಕಾಕಾ ಬಂದು ಕೂತೇಬಿಟ್ಟರು.

"ಇಲ್ಲೇ ಹವಾ ಚಲೋ ಐತಿ. ಒಂದು ಚಹಾ ತಾ."

ಅವರ ಹಿಂದೆ ಉಳಿದವರೂ ಬಂದರು. ಅಂದಿನಿಂದ ದಂಧೆಯೆಲ್ಲ ಹೊರಗೇ. ಒಳಗೆ ಕಾಲಿಡುವವರಿಲ್ಲ.

ನಿನ್ನೆ ಜಲಪಾತ ನೋಡಲು ಬಂದಿದ್ದ ಪ್ರವಾಸಿಯೊಬ್ಬರು ಒಳಹೊಕ್ಕು, ಮೇಜು ಸವರಿ, ಕಂಬ ತಟ್ಟಿ, ಬೆರಗಾಗಿ ನಿಂತರು.

"ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ! ಸುಮ್ಮನೆ ಖಾಲಿ ಬಿಡುವ ಬದಲು ಇಲ್ಲೊಂದು ಹೋಟೆಲ್ ಇಡಬಹುದಲ್ಲ?"

ಆರು ಕಪ್ಪು ಚಹಾ ಹಿಡಿದು ರಸ್ತೆಗೆ ಓಡುತ್ತಿದ್ದ ನಾನು ನಿಂತು, ವಿನಯದಿಂದ ಹೇಳಿದೆ:

"ವಿಚಾರ ಮಾಡ್ತೇನ್ರಿ."