ಹಳಿದು ಕೊಂಡ ಮನೆ

ನಮ್ಮ ಯಜಮಾನರು ಬದುಕಿದ್ದ ಕೊನೆಯ ಭಾನುವಾರವೂ ನಾವು ಒಂದು ಮನೆ ನೋಡಲು ಹೋಗಿದ್ದೆವು. ಅವರಿಗೆ ಅಡುಗೆಮನೆ ಹಿಡಿಸಲಿಲ್ಲ. "ಒಲೆ ಮುಂದೆ ನಿಂತ್ರೆ ಗೇಟು ಕಾಣಲ್ಲ. ಬಂದೋರು ಯಾರು ಅಂತ ಗೊತ್ತಾಗೋಷ್ಟರಲ್ಲಿ ಅವ್ರು ಒಳಗೆ ಕೂತು ಕಾಫಿ ಕೇಳ್ತಿರ್ತಾರೆ" ಎಂದು ಮನೆಯವರ ಎದುರಿಗೇ ಹೇಳಿ, ಅವರು ಕೊಟ್ಟ ಕಾಫಿಯನ್ನೇ ಕುಡಿದು ಎದ್ದರು. ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಕಿಟಕಿ ಕಡೆ ತಿರುಗಿ ಕೂತೆ. ಅವರು ಕಡಲೆಕಾಯಿ ಸುಲಿದು ಸುಲಿದು ನನ್ನ ಅಂಗೈಗೆ ಹಾಕುತ್ತಾ ಬಂದರು. ಬುಧವಾರ ಬೆಳಿಗ್ಗೆ ಎದೆ ಹಿಡಿದುಕೊಂಡರು. ಆಂಬುಲೆನ್ಸ್ ಹಾಸನ ಮುಟ್ಟುವ ಮೊದಲೇ ಹೋಗಿಬಿಟ್ಟರು.

ನಮ್ಮ ಕಡೆ ಮನೆ ಕೊಳ್ಳುವವರು ಮೊದಲು ಮನೆಯನ್ನು ಹಳಿಯಬೇಕು. ಅದು ಕ್ರಮ. ಚೆನ್ನಾಗಿದೆ ಎಂದರೆ ರೇಟು ನಿಂತ ಜಾಗದಲ್ಲೇ ಏರುತ್ತದೆ. ಮಾರುವವರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದರೆ ಸಹಿಸಿಕೊಳ್ಳುವುದಿಲ್ಲವೇ, ಹಾಗೆ. ಹಾನುಬಾಳಿನ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿ, ಬೇರೆಯವರ ಕೆಲಸದಲ್ಲಿ ಹುಳುಕು ತೆಗೆದೇ ಸಂಬಳ ಪಡೆದಿದ್ದ ನಮ್ಮವರಿಗೆ ಈ ಕ್ರಮ ಬಹಳ ಒಗ್ಗಿತು. ರಿಟೈರ್ ಆಗಿ ಸಕಲೇಶಪುರದ ಬಾಡಿಗೆ ಮನೆಗೆ ಬಂದ ಮೇಲೆ, ಬೇರೆ ಗಂಡಸರು ಸಂತೆಗೆ ಹೋಗುವ ಹಾಗೆ ಇವರು ಮನೆ ನೋಡಲು ಹೋಗುತ್ತಿದ್ದರು. ಆದರೆ ಅಷ್ಟರಲ್ಲಿ ಊರಿಗೆ ಹೋಂಸ್ಟೇ ಮಾಡುವವರು ಬಂದಿದ್ದರು. ಅವರಿಗೆ ಹಳಿಯುವುದು ಗೊತ್ತಿಲ್ಲ. ಗೋಡೆಯ ಪಾಚಿಗೂ "ವಾವ್" ಎನ್ನುತ್ತಾರೆ. ಬಚ್ಚಲಿನ ಇಳಿಜಾರು ಸರಿಯಿಲ್ಲ ಎಂದು ನಮ್ಮವರು ವಾದಿಸಿ ಮುಗಿಸುವಷ್ಟರಲ್ಲಿ ಅವರು ಅಡ್ವಾನ್ಸ್ ಕೊಟ್ಟು ಕೈ ಕುಲುಕಿರುತ್ತಿದ್ದರು.

ಅವರ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಮ್ಮ ಬಾಡಿಗೆ ಮನೆಯ ಮಾಲೀಕರು ಬಂದರು. ತುಂಬ ದುಃಖಪಟ್ಟರು. ಆಮೇಲೆ, ಈ ಮನೆಯನ್ನೂ ಹೋಂಸ್ಟೇ ಮಾಡುತ್ತಿದ್ದೇವೆ, ಯುಗಾದಿಯೊಳಗೆ ಬಿಡಬೇಕು ಎಂದರು. ಅಷ್ಟರಲ್ಲಿ ಸ್ವಂತದ್ದೊಂದು ಸಿಗದಿದ್ದರೆ ನಾನು ತಮ್ಮನ ಮನೆಯ ಹಾಲಿನಲ್ಲಿ ಮಂಚ ಹಾಕಿಕೊಳ್ಳಬೇಕಿತ್ತು. ತಮ್ಮ ಒಳ್ಳೆಯವನೇ. ಆದರೆ ಹಾಲಿನಲ್ಲಿ ಮಂಚವಿರುವ ಹೆಂಗಸು ಮಲಗಬೇಕಾದರೂ ಇಡೀ ಮನೆಯ ಅಪ್ಪಣೆ ಬೇಕು, ಕ್ರಿಕೆಟ್ ಮ್ಯಾಚಿನದೂ ಸೇರಿ.

ಆನೇಮಹಲಿನ ಗೌರಕ್ಕ ಮಗಳ ಜೊತೆ ಇರಲು ಆಲೂರಿಗೆ ಹೋಗುತ್ತಾರೆ, ಮನೆ ಮಾರುತ್ತಾರೆ ಎಂಬ ಸುದ್ದಿ ತಂದವನು ತಮ್ಮನೇ. ಬೈಕಿನಲ್ಲಿ ದಾರಿಯುದ್ದಕ್ಕೂ ಬುದ್ಧಿ ಹೇಳಿದ. "ಅಕ್ಕಾ, ಅಲ್ಲೋಗಿ ಬಾವನ ತರ ಶುರು ಹಚ್ಕೋಬ್ಯಾಡ. ಚಂದ ಐತೆ ಅಂದ್ಬುಡು, ಅಷ್ಟೇ ಸಾಕು." ಚಂದ ಐತೆ, ಚಂದ ಐತೆ ಎಂದು ಬಾಯಿಪಾಠ ಮಾಡುತ್ತಾ ಹೋದೆ.

ಬಾಗಿಲಲ್ಲಿ ಆಗಲೇ ಕಾರುಗಳು ನಿಂತಿದ್ದವು. ಕಪ್ಪು ಕನ್ನಡಕದ ಗಂಡಹೆಂಡತಿ ಕಂಬ ತಬ್ಬಿಕೊಂಡು ವಿಡಿಯೋ ಮಾಡುತ್ತಿದ್ದರು. ಇನ್ನೊಬ್ಬರು ಬಾವಿಯನ್ನು ಹೊಗಳುತ್ತಿದ್ದರು. ನಾನು ಸೀದಾ ಅಡುಗೆಮನೆ ದಾಟಿ ಹಿತ್ತಲಲ್ಲಿದ್ದ ಗೌರಕ್ಕನ ಹತ್ತಿರ ಹೋಗಿ, ಹೊಗಳಲೆಂದೇ ಬಾಯಿ ತೆರೆದೆ.

"ಇದೇನ್ ಗೌರಕ್ಕಾ, ಪಾತ್ರೆ ತೊಳೆಯೋ ಕಲ್ಲು ಪಡುವಣಕ್ಕೆ ಹಾಕ್ಸಿದೀರ? ಮಳೆಗಾಲ್ದಾಗೆ ಎರಚಲು ಬೆನ್ನಿಗೇ ಹೊಡೀತದಲ್ಲ!"

ಮಾತು ನನ್ನದು, ಧಾಟಿ ನಮ್ಮವರದು. ಶುರುವಾದ ಮೇಲೆ ನಿಲ್ಲಲಿಲ್ಲ. ಸೌದೆ ಒಟ್ಟಲು ಜಾಗವಿಲ್ಲ ಎಂದೆ. ಹಂಡೆ ಒಲೆಯ ಹೊಗೆ ಒಳಗೇ ಬರುತ್ತದೆ ಎಂದೆ. ತಮ್ಮ ನನ್ನ ಮೊಣಕೈ ಚಿವುಟಿ ಚಿವುಟಿ ಸೋತ.

ಗೌರಕ್ಕ ಸೊಂಟದ ಮೇಲೆ ಕೈಯಿಟ್ಟರು. "ನಮ್ಮೋರು ಇರೋಗಂಟ ಬಡ್ಕೊಂಡೆ ಕಣವ್ವ, ಆ ಕಲ್ಲು ಕಿತ್ತು ಆ ಕಡೆ ಹಾಕ್ಸಿ ಅಂತ. ಕೇಳಿದ್ರಾ? ಬಾ ಇಲ್ಲಿ, ಇನ್ನೊಂದ್ ತೋರಿಸ್ತೀನಿ" ಎಂದು ಜೂನ್ ಬಂದರೆ ಉಬ್ಬಿ ಮುಚ್ಚದ ಹಿತ್ತಲ ಬಾಗಿಲನ್ನು ತೋರಿಸಿದರು. ಇಬ್ಬರೂ ಸೇರಿ ಆ ಮನೆಯನ್ನು ಬುಡದಿಂದ ಹೆಂಚಿನವರೆಗೆ ಹಳಿದೆವು. ಮನಸ್ಸು ಇಷ್ಟು ಹಗುರಾಗಿ ಬಹಳ ದಿನವಾಗಿತ್ತು.

ಹೊರಗೆ ಬಂದವರೇ ಗೌರಕ್ಕ, "ಹೊರಡ್ರಪ್ಪ, ಮನೆ ಹೋಯ್ತು" ಎಂದುಬಿಟ್ಟರು.

ಕಾರಿನವರನ್ನು ಕರೆತಂದಿದ್ದ ಬ್ರೋಕರ್ ಹೌಹಾರಿದ. "ಅಯ್ಯೋ ಮಾರಾಯ್ತಿ, ಇವ್ರು ಜಾಸ್ತಿ ಕೊಡ್ತಾವ್ರೆ!"

"ಕೊಡ್ಲಿ ಬುಡು. ಅವ್ರು ಫೋಟೋ ತೆಗೆಯೋಕೆ ಬಂದವ್ರೆ. ಈಯಮ್ಮ ಪಾತ್ರೆ ತೊಳೆಯೋಕೆ ಬಂದವ್ಳೆ."

ನಮ್ಮವರಿಗೆ ಅಷ್ಟು ಮನೆ ತಪ್ಪಿಸಿದ ಹುಳುಕಿನ ಬಾಯಿ ನನಗೊಂದು ಮನೆ ಗೆದ್ದುಕೊಟ್ಟಿತು, ಅದೂ ಮೊದಲು ಹೇಳಿದ ರೇಟಿಗೇ. ವಾಪಸು ಬರುವಾಗ ತಮ್ಮ ಹಾರ್ನ್ ಹೊಡೆದುಕೊಂಡೇ ಬೈಕ್ ಓಡಿಸಿದ. ನಾನು ಹಿಂದೆ ಕೂತು, ಬರಿಗೈಲಿ ಹೊರಟ ಆ ಕಾರಿನವರಿಗೆಲ್ಲ ಮಂತ್ರಿಯಂತೆ ಕೈ ಬೀಸಿದೆ.

ಯುಗಾದಿಗೆ ಮೊದಲೇ ಹಾಲು ಉಕ್ಕಿಸಿದೆ. ಬಂದವರೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಾರೆ. ನನಗೋ ಅದು ಸಾಲುವುದಿಲ್ಲ. ಹಿತ್ತಲಿಗೆ ಕರೆದೊಯ್ದು ಕಲ್ಲಿನ ಮುಂದೆ ನಿಲ್ಲಿಸಿ, ಏನಾದರೂ ಅಂದಾರೆಂದು ಮುಖ ನೋಡುತ್ತೇನೆ. ಪಾಪ, ಅವರು ಕಲ್ಲನ್ನೂ ಹೊಗಳುತ್ತಾರೆ.

ಈ ಮನೆಯನ್ನು ನಮ್ಮವರು ನೋಡಿಲ್ಲ.